ಹೃದಯಕ್ಕೆ ಅಬ್ಲೇಶನ್ ಆದ ಮೇಲೆ ಕಣ್ಣು ಮಂಜಾದರೆ...

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ಎದೆ ಡವಡವ ಹೊಡೆದುಕೊಳ್ಳುವ ಕಾಯಿಲೆಗೆ ಈಗ ಎದೆ ಸೀಳದೆ ಮಾಡುವ ಚಿಕಿತ್ಸೆಯೊಂದಿದೆ. ಅದಕ್ಕೆ ಅಬ್ಲೇಶನ್ ಎನ್ನುತ್ತಾರೆ. ನಮ್ಮ ಊರುಗಳಿಂದಲೂ ಹಲವರು ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದಾರೆ. ಎರಡು ಮೂರು ದಿನದಲ್ಲಿ ಮನೆಗೆ ಬರುತ್ತಾರೆ. ಹೊಲಿಗೆ ಇಲ್ಲ, ದೊಡ್ಡ ಗಾಯ ಇಲ್ಲ. ಹಾಗಾಗಿ ಮನೆಯವರಿಗೂ, ರೋಗಿಗೂ "ಎಲ್ಲ ಮುಗಿಯಿತು" ಅನ್ನಿಸಿಬಿಡುತ್ತದೆ. ಆದರೆ ಅದಾದ ಮೇಲಿನ ಕೆಲವು ವಾರಗಳಲ್ಲಿ ಕೆಲವರಿಗೆ ಕಣ್ಣಿನ ತೊಂದರೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಹೆಚ್ಚಿನವು ತಾವಾಗಿಯೇ ಹೋಗುವಂಥವು. ಕೆಲವು ಮಾತ್ರ ಒಂದು ಗಂಟೆ ತಡವಾದರೂ ಜೀವಮಾನದ ನಷ್ಟ ತರುವಂಥವು. ಇವುಗಳ ಬಗ್ಗೆ ಈ ತಿಂಗಳು ತಿಳಿದುಕೊಳ್ಳೋಣ.

ಒಂದು ಘಟನೆ

ಇದು ಪಾಠಕ್ಕಾಗಿ ಹೆಣೆದ ಕಥೆ. ಆದರೆ ಇದರಲ್ಲಿ ಬರುವ ಲಕ್ಷಣಗಳೆಲ್ಲ ರೋಗಿಗಳಲ್ಲಿ ನಿಜವಾಗಿ ಕಾಣುವಂಥವೇ.

ಒಂದು ಸಂಘದಲ್ಲಿ ಪುಸ್ತಕ ಬರೆಯುವ ಅಕ್ಕ ಒಬ್ಬರಿದ್ದರು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದವರಲ್ಲ. ಎದೆಬಡಿತ ತಾಳ ತಪ್ಪುತ್ತಿದೆ ಎಂದು ಅವರಿಗೆ ಅಬ್ಲೇಶನ್ ಆಯಿತು. ಮನೆಗೆ ಬರುವಾಗ ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು, "ಮೂರು ತಿಂಗಳು ಒಂದು ದಿನವೂ ಬಿಡಬೇಡಿ, ಆಮೇಲೆ ಏನು ಅಂತ ನಾನೇ ಹೇಳ್ತೇನೆ" ಎಂದಿದ್ದರು. ಕೈಯಲ್ಲಿದ್ದದ್ದು ಒಂದು ತಿಂಗಳ ಮಾತ್ರೆ. ಅದು ಮುಗಿದಾಗ ಅಕ್ಕ ಯೋಚಿಸಿದರು: "ಎದೆ ಈಗ ಸರಿಯಾಗಿ ಬಡೀತಾ ಇದೆ. ಮಾತ್ರೆಗೂ ದುಡ್ಡು ಜಾಸ್ತಿ. ಮಗಳ ಫೀಸು ಕಟ್ಟಿ ಆಮೇಲೆ ತಂದರಾಯಿತು."

ಹತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅಕ್ಕಿ ಆರಿಸುವಾಗ ಮೊರದ ಎಡಭಾಗ ಕಪ್ಪಾಗಿ ಮರೆಯಾಯಿತು. ಹತ್ತು ನಿಮಿಷದಲ್ಲಿ ಮತ್ತೆ ಎಲ್ಲ ಕಾಣಿಸಿತು. ಸೊಸೆ "ಯಾಕತ್ತೆ, ಸುಮ್ಮನೆ ಕೂತ್ರಿ?" ಅಂದದ್ದಕ್ಕೆ "ಏನಿಲ್ಲ ಮಗಾ, ಕಣ್ಣು ಕತ್ತಲೆ ಬಂತು" ಅಂದು ಎದ್ದರು. ಯಾರಿಗೂ ಹೇಳಲಿಲ್ಲ.

ಮೂರು ದಿನದ ನಂತರ ಬೆಳಿಗ್ಗೆ ಏಳುವಾಗಲೇ ಏನೋ ಸರಿ ಇರಲಿಲ್ಲ. ಎರಡು ಸಲ ಎಡ ಭುಜ ಬಾಗಿಲಿಗೆ ಬಡಿಯಿತು. ಮೂರು ಗಂಟೆಗೆ ಸಂಘದ ಸಭೆ. ಅಕ್ಕ ಉಳಿತಾಯದ ಲೆಕ್ಕ ಓದಿದರು: "ಇನ್ನೂರೈವತ್ತು ರೂಪಾಯಿ." ಪಕ್ಕದಲ್ಲಿದ್ದ ಅಧ್ಯಕ್ಷೆ ಪುಸ್ತಕ ನೋಡಿ, "ಅಕ್ಕಾ, ಅದು ಸಾವಿರದ ಇನ್ನೂರೈವತ್ತಲ್ವಾ? ಸಾವಿರ ಎಲ್ಲಿ ಹೋಯ್ತು?" ಅಂದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲೂ ಹಾಗೆಯೇ ಆಯಿತು. ಆಗ ಯಾರೂ ನಗಲಿಲ್ಲ.

108 ಗಾಡಿಯಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗುವಾಗ ಸಂಜೆ ಆರು ಗಂಟೆ. ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಕೊನೆಯ ಸಲ ಕಣ್ಣು ಚೆನ್ನಾಗಿ ಕಂಡದ್ದು ಯಾವಾಗ?" ಉತ್ತರ: ಹಿಂದಿನ ರಾತ್ರಿ ಮಲಗುವಾಗ. ಸ್ಕ್ಯಾನಿನಲ್ಲಿ ಮಿದುಳಿನ ಹಿಂಭಾಗದ ಬಲಗಡೆ ರಕ್ತ ಓಡಾಟ ನಿಂತದ್ದು ಕಂಡಿತು. ಕಣ್ಣಿನಲ್ಲಿ ಒಂದು ದೋಷವೂ ಇರಲಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಸಮಯ ಮೀರಿತ್ತು.

ಅಕ್ಕನ ಜೀವ ಉಳಿಯಿತು. ಎಡಗಡೆಯ ನೋಟ ಸ್ವಲ್ಪ ಮಾತ್ರ ಮರಳಿತು. ಈಗಲೂ ಅವರು ಪುಸ್ತಕ ಬರೆಯುತ್ತಾರೆ. ಪುಟದ ಎಡ ಅಂಚಿನಲ್ಲಿ ಕೆಂಪು ಗೆರೆ ಎಳೆದು, ಆ ಗೆರೆ ಕಾಣುವವರೆಗೆ ತಲೆ ತಿರುಗಿಸಿ, ಆಮೇಲೆ ಓದುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡುತ್ತಾರೆ.

ಅಬ್ಲೇಶನ್ ಎಂದರೇನು?

ನಮ್ಮ ಹೃದಯ ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60 ರಿಂದ 100 ಸಲ ಬಡಿಯುತ್ತದೆ. ಈ ಬಡಿತವನ್ನು ನಡೆಸುವುದು ಹೃದಯದೊಳಗೇ ಹುಟ್ಟುವ ಸಣ್ಣ ವಿದ್ಯುತ್ ಸಂಕೇತ. ಕೆಲವರಲ್ಲಿ ಈ ಕರೆಂಟು ಅಡ್ಡದಾರಿ ಹಿಡಿಯುತ್ತದೆ, ಅಥವಾ ಬೇಡದ ಜಾಗದಲ್ಲಿ ಹುಟ್ಟುತ್ತದೆ. ಆಗ ಎದೆ ಒಮ್ಮೆಲೇ ಜೋರಾಗಿ ಹೊಡೆದುಕೊಳ್ಳುತ್ತದೆ, ತಾಳ ತಪ್ಪುತ್ತದೆ, ಏದುಸಿರು ಬರುತ್ತದೆ. ಇವುಗಳಲ್ಲಿ ಹೆಚ್ಚು ಕಂಡುಬರುವ ಒಂದು ಕಾಯಿಲೆಗೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರು. ಡಾಕ್ಟರು ಚೀಟಿಯಲ್ಲಿ ಚಿಕ್ಕದಾಗಿ 'ಎ.ಎಫ್.' ಎಂದು ಬರೆಯುತ್ತಾರೆ. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಮಿಡಿಯದೆ ಬರೀ ನಡುಗುತ್ತಿರುತ್ತವೆ.

ಅಬ್ಲೇಶನ್ ಮಾಡುವಾಗ ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯನ್ನು ಹೃದಯದವರೆಗೆ ಕಳಿಸುತ್ತಾರೆ. ಕರೆಂಟು ತಪ್ಪುವ ಜಾಗವನ್ನು ಹುಡುಕಿ, ಅದನ್ನು ಬಿಸಿಯಿಂದ ಸುಡುತ್ತಾರೆ ಅಥವಾ ಅತಿ ಶೀತದಿಂದ ಮರಗಟ್ಟಿಸುತ್ತಾರೆ. ಇತ್ತೀಚೆಗೆ ವಿದ್ಯುತ್ತಿನ ಅತಿ ಸಣ್ಣ ಮಿಡಿತಗಳಿಂದಲೂ ಮಾಡುತ್ತಾರೆ. ಎ.ಎಫ್. ಹೆಚ್ಚಾಗಿ ಶುರುವಾಗುವುದು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿಯಲ್ಲಿ ಎಂದು ಫ್ರಾನ್ಸ್ ದೇಶದ ಬೋರ್ಡೋ ನಗರದ ವೈದ್ಯರು 1998 ರಲ್ಲಿ ತೋರಿಸಿದರು. ಆ ಮೇಲೆ ಎ.ಎಫ್.ಗೆ ಈ ಚಿಕಿತ್ಸೆ ಬೇಗ ಹರಡಿತು.

ಹೃದಯಕ್ಕೂ ಕಣ್ಣಿಗೂ ಏನು ಸಂಬಂಧ?

ಹೃದಯದ ಎಡಭಾಗದಿಂದ ಹೊರಟ ರಕ್ತ ನೇರ ಮಿದುಳಿಗೂ ಕಣ್ಣಿಗೂ ಹೋಗುತ್ತದೆ. ಎಡಭಾಗದಲ್ಲಿ ಒಂದು ಸಣ್ಣ ಹೆಪ್ಪು ಎದ್ದರೆ ಅದು ಅದೇ ದಾರಿಯಲ್ಲಿ ಹೋಗಿ ಎಲ್ಲಾದರೂ ಸಿಕ್ಕಿಕೊಳ್ಳಬಹುದು. ತೋಟದ ಪೈಪಿನಲ್ಲಿ ಕಸ ಸಿಕ್ಕಿದರೆ ಅದರಾಚೆಯ ಗಿಡ ಒಣಗುತ್ತದಲ್ಲ, ಹಾಗೆ.

ಎ.ಎಫ್. ಇದ್ದವರಿಗೆ ಈ ಅಪಾಯ ಮೊದಲಿನಿಂದಲೇ ಇರುತ್ತದೆ. ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುವುದರಿಂದ ಅವರಿಗೆ ಲಕ್ವ ಹೊಡೆಯುವ ಸಾಧ್ಯತೆ ಇತರರಿಗಿಂತ ಸುಮಾರು 5 ಪಟ್ಟು ಹೆಚ್ಚು. ಅಬ್ಲೇಶನ್ ಆದ ಮೇಲಿನ ವಾರಗಳಲ್ಲಿ ಇನ್ನೂ ಎರಡು ಸಂಗತಿ ಸೇರುತ್ತವೆ. ಒಂದು, ಸುಟ್ಟ ಜಾಗ ಹಸಿ ಗಾಯದಂತೆ ಇರುತ್ತದೆ, ಅದರ ಮೇಲೆ ಹೆಪ್ಪು ಕೂರಬಹುದು. ಎರಡು, ಎ.ಎಫ್. ಚಿಕಿತ್ಸೆಗೆ ಹೃದಯದ ಬಲಗಡೆಯಿಂದ ಎಡಗಡೆಗೆ ಹೋಗಲು ನಡುಗೋಡೆಯಲ್ಲಿ ಸಣ್ಣ ರಂಧ್ರ ಮಾಡಿರುತ್ತಾರೆ. ಹೆಚ್ಚಿನವರಲ್ಲಿ ಇದು ಕೆಲವು ತಿಂಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಹೆದರಬೇಡಿ. ಎ.ಎಫ್. ಅಬ್ಲೇಶನ್ ಮಾಡಿಸಿಕೊಂಡ 100 ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಚಿಕಿತ್ಸೆಯಿಂದಾಗಿ ಲಕ್ವ ಆಗುತ್ತದೆ. ಬೇರೆ ಕೆಲವು ಬಗೆಯ ಎದೆಬಡಿತಕ್ಕೆ ಹೃದಯದ ಬಲಗಡೆ ಮಾತ್ರ ಅಬ್ಲೇಶನ್ ಮಾಡಿದರೆ ಅಪಾಯ ಇನ್ನೂ ಕಡಿಮೆ. ಆದರೆ ಆ ಒಬ್ಬರು ಯಾರು ಎಂದು ಮೊದಲೇ ಹೇಳಲಾಗದು. ಅದಕ್ಕೇ ಎಲ್ಲರೂ ಎಚ್ಚರ ಇರಬೇಕು.

ಯಾವ ಯಾವ ತೊಂದರೆ ಬರಬಹುದು?

1. ಮಿಂಚಿನ ಗೆರೆಗಳು: ಕಣ್ಣ ಮುಂದೆ ಹೊಳೆಯುವ ಅಂಕುಡೊಂಕು ಗೆರೆ ಅಥವಾ ನೀರು ಅಲುಗಿದಂತೆ ಮಿನುಗು ಕಾಣುತ್ತದೆ. ಅದು ನಿಧಾನವಾಗಿ ಹರಡಿ, 5 ನಿಮಿಷದಿಂದ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ಕೆಲವರಿಗೆ ಆಮೇಲೆ ತಲೆನೋವು ಬರುತ್ತದೆ. ಇದು ಅರೆತಲೆನೋವಿನ ಮುನ್ಸೂಚನೆಯಂಥದ್ದು. ಹಿಂದೆ ಎಂದೂ ಅರೆತಲೆನೋವು ಇಲ್ಲದವರಿಗೂ ಅಬ್ಲೇಶನ್ ನಂತರ ಬರಬಹುದು. ನಡುಗೋಡೆಯ ಆ ಸಣ್ಣ ರಂಧ್ರ ಇದಕ್ಕೆ ಕಾರಣ ಇರಬಹುದೆಂದು ವೈದ್ಯರು ಹೇಳುತ್ತಾರೆ. ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳಲ್ಲಿ ನಿಂತುಹೋಗುತ್ತದೆ.

2. ಒಂದು ಕಣ್ಣಿಗೆ ಪರದೆ ಬಿದ್ದಂತೆ: ನೋವಿಲ್ಲದೆ, ಥಟ್ಟನೆ, ಒಂದೇ ಕಣ್ಣು ಕಾಣದಂತಾಗುತ್ತದೆ. ಕಣ್ಣಿನ ಒಳಪದರವಾದ ರೆಟಿನಾಕ್ಕೆ ರಕ್ತ ಕೊಡುವ ನಾಳ ಮುಚ್ಚಿದೆ ಎಂಬುದರ ಸೂಚನೆ. ರಕ್ತ ಇಲ್ಲದೆ ರೆಟಿನಾ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

3. ಎರಡೂ ಕಣ್ಣಿನ ಒಂದು ಪಕ್ಕ ಕಾಣದಿರುವುದು: ನಮ್ಮ ಕಥೆಯ ಅಕ್ಕನಿಗೆ ಆದದ್ದು ಇದೇ. ಇದು ಮಿದುಳಿನ ಲಕ್ವ. ಕೈಕಾಲು ಗಟ್ಟಿಯಾಗಿರುತ್ತದೆ, ಮಾತು ಸರಿಯಾಗಿರುತ್ತದೆ. ಹಾಗಾಗಿ ಲಕ್ವ ಎಂದು ಯಾರಿಗೂ ಹೊಳೆಯುವುದಿಲ್ಲ.

4. ಎರಡೆರಡಾಗಿ ಕಾಣುವುದು: ಒಂದು ವಸ್ತು ಎರಡಾಗಿ ಕಾಣುವುದು, ಜೊತೆಗೆ ತಲೆ ಸುತ್ತುವುದು, ನಡಿಗೆ ತೂರಾಡುವುದು. ಇದೂ ಥಟ್ಟನೆ ಬಂದರೆ ಲಕ್ವದ ಸೂಚನೆಯೇ.

5. ಔಷಧಿಯಿಂದ ಬರುವ ತೊಂದರೆ: ಎದೆಬಡಿತಕ್ಕೆ ಕೊಡುವ ಅಮಿಯೋಡರೋನ್ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಕಣ್ಣಿನ ಪಾರದರ್ಶಕ ಪದರದಲ್ಲಿ ಸಣ್ಣ ಕಣಗಳು ಕೂರುತ್ತವೆ. ಕೆಲವರಿಗೆ ರಾತ್ರಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಸಾಮಾನ್ಯವಾಗಿ ಇದು ದೊಡ್ಡ ಹಾನಿಯಲ್ಲ. ಆದರೆ ಅಪರೂಪಕ್ಕೆ ಕಣ್ಣಿನ ನರಕ್ಕೂ ತೊಂದರೆ ಆಗುವುದರಿಂದ ನೋಟ ಕುಂದಿದರೆ ತೋರಿಸಲೇಬೇಕು. ಡಿಗಾಕ್ಸಿನ್ ಹೆಚ್ಚಾದರೆ ಎಲ್ಲ ಹಳದಿಯಾಗಿ ಕಾಣಬಹುದು, ವಾಕರಿಕೆ ಬರಬಹುದು. ಫ್ಲೆಕೈನೈಡ್‌ನಿಂದ ಕಣ್ಣು ಮಂಜಾಗಬಹುದು. ಇವು ನಿಧಾನವಾಗಿ ಬರುವ ತೊಂದರೆಗಳು. ಮಾತ್ರೆ ನಾವಾಗಿ ನಿಲ್ಲಿಸದೆ ಬರೆದುಕೊಟ್ಟ ಡಾಕ್ಟರಿಗೆ ಹೇಳಬೇಕು.

6. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ: ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಹೀಗಾಗುವುದುಂಟು. ನೋಡಲು ಭಯವಾಗುತ್ತದೆ. ನೋವಿಲ್ಲದೆ, ನೋಟವೂ ಸರಿಯಿದ್ದರೆ ಒಂದೆರಡು ವಾರದಲ್ಲಿ ಮಾಯುತ್ತದೆ. ನೋಟ ಕಡಿಮೆಯಾದರೆ ಕೂಡಲೇ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಎಚ್ಚರವಾಗಿರಬೇಕು.

ಹಾಗಾದರೆ ಮೊದಲನೆಯದನ್ನು ಮನೆಯಲ್ಲೇ ಗುರುತಿಸಿ ಸುಮ್ಮನಿರಬಹುದೇ? ಇಲ್ಲ. ಹೊಸದಾಗಿ ಬಂದದ್ದು ಅರೆತಲೆನೋವಿನದೋ ಹೆಪ್ಪಿನದೋ ಎಂದು ಪರೀಕ್ಷೆ ಮಾಡಿದ ಡಾಕ್ಟರು ಹೇಳಬೇಕೇ ಹೊರತು ನಾವಲ್ಲ. ಒಮ್ಮೆ ಅವರು ನೋಡಿ "ಇದು ಅದೇ" ಎಂದ ಮೇಲೆ, ಮತ್ತೆ ಅದೇ ರೀತಿ ಬಂದರೆ ಗಾಬರಿ ಬೇಡ.

"ಹತ್ತು ನಿಮಿಷದಲ್ಲಿ ಹೋಯ್ತಲ್ಲ" ಅನ್ನಬೇಡಿ

ಇದೇ ಈ ಪಾಠದ ಮುಖ್ಯ ಮಾತು. ಕಣ್ಣು ಕತ್ತಲಾಗಿ ಮತ್ತೆ ಸರಿಯಾದರೆ ನಾವು ಸಮಾಧಾನ ಪಡುತ್ತೇವೆ. ನಿಜವಾಗಿ ಅದು ದೊಡ್ಡ ಲಕ್ವದ ಮುಂಚಿನ ಎಚ್ಚರಿಕೆ ಇರಬಹುದು. ಸಣ್ಣ ಹೆಪ್ಪು ಬಂದು, ತಾನೇ ಕರಗಿ ಹೋಗಿರುತ್ತದೆ. ಮುಂದಿನದು ಕರಗದೇ ಇರಬಹುದು. ಇಂಥ ಎಚ್ಚರಿಕೆಯ ನಂತರದ ಮೊದಲ ಎರಡು ದಿನಗಳಲ್ಲಿಯೇ ಅಪಾಯ ಹೆಚ್ಚು. ಅಕ್ಕನಿಗೆ ಮೊದಲ ದಿನವೇ ಆಸ್ಪತ್ರೆಗೆ ಹೋಗಲು ಒಂದು ಅವಕಾಶ ಇತ್ತು. "ಏನಿಲ್ಲ ಮಗಾ" ಎಂಬ ಒಂದು ಮಾತಿನಲ್ಲಿ ಅದು ಕೈತಪ್ಪಿತು.

ಹೆಂಗಸರಾದ ನಾವು ಹೀಗೆ ಹೇಳುವುದು ಹೆಚ್ಚು. ಮನೆಯವರಿಗೆ ತೊಂದರೆ ಯಾಕೆ, ಖರ್ಚು ಯಾಕೆ, ಅಡುಗೆ ಯಾರು ಮಾಡುತ್ತಾರೆ ಎಂದು ಯೋಚಿಸುತ್ತೇವೆ. ಕಣ್ಣು ಹೋದ ಮೇಲೆ ಆಗುವ ಖರ್ಚು, ತೊಂದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ.

ಮನೆಯಲ್ಲಿ ಮಾಡುವ ಪರೀಕ್ಷೆ

ಕಣ್ಣಿನಲ್ಲಿ ಏನೋ ಆಗಿದೆ ಅನ್ನಿಸಿದ ಕೂಡಲೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಕ್ಯಾಲೆಂಡರ್ ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಒಂದೇ ಕಣ್ಣಿನಲ್ಲಿ ತೊಂದರೆಯೋ, ಎರಡರಲ್ಲೂ ಒಂದೇ ಪಕ್ಕ ಕಾಣುವುದಿಲ್ಲವೋ ಎಂದು ಗೊತ್ತಾಗುತ್ತದೆ. ಹಲವರು "ಎಡಗಣ್ಣು ಕಾಣುವುದಿಲ್ಲ" ಎನ್ನುತ್ತಾರೆ. ಮುಚ್ಚಿ ನೋಡಿದರೆ ಎರಡೂ ಕಣ್ಣಿನ ಎಡಪಕ್ಕ ಹೋಗಿರುತ್ತದೆ. ಡಾಕ್ಟರಿಗೆ ಈ ವಿಷಯ ಬಹಳ ಉಪಯೋಗ. ಆದರೆ ಪರೀಕ್ಷೆಗೆ ಒಂದು ನಿಮಿಷ ಸಾಕು. ಫಲಿತಾಂಶ ಏನೇ ಇರಲಿ, ಹೊರಡುವುದು ಹೊರಡಲೇಬೇಕು.

ಜೊತೆಗೆ ಈ ಐದು ಮಾತು ಬಾಯಿಪಾಠ ಮಾಡಿಕೊಳ್ಳಿ: ಕಣ್ಣು, ಮುಖ, ಕೈ, ಮಾತು, ಸಮಯ. ಕಣ್ಣು ಮಂಜಾಯಿತೇ? ನಕ್ಕಾಗ ಮುಖ ಓರೆಯಾಯಿತೇ? ಎತ್ತಿದ ಕೈ ಕೆಳಗೆ ಜಾರಿತೇ? ಮಾತು ತೊದಲಿತೇ? ಒಂದಕ್ಕೆ ಹೌದು ಎಂದರೂ ಸಮಯ ನೋಡಿ, 108 ಕ್ಕೆ ಕರೆ ಮಾಡಿ.

ಕೂಡಲೇ ಮಾಡಬೇಕಾದದ್ದು

- ಕೊನೆಯ ಸಲ ಕಣ್ಣು ಸರಿಯಿದ್ದ ಹೊತ್ತನ್ನು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ 4½ ಗಂಟೆಯೊಳಗೆ ಕೊಡುವಂಥದ್ದು. ಕೆಲವರಿಗೆ ಕೊಳವೆ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡುತ್ತಾರೆ. ಯಾವುದು ಸರಿ ಎಂದು ಡಾಕ್ಟರು ತೀರ್ಮಾನಿಸುತ್ತಾರೆ.
- ರಕ್ತ ತೆಳು ಮಾಡುವ ಮಾತ್ರೆಯನ್ನು ಕೊನೆಗೆ ಎಷ್ಟು ಹೊತ್ತಿಗೆ ನುಂಗಿದ್ದು ಎಂದೂ ಬರೆದುಕೊಳ್ಳಿ. ಬಿಟ್ಟಿದ್ದರೆ ನಾಚಿಕೆ ಪಡದೆ ಹೇಳಿ. ಇಂಜೆಕ್ಷನ್ ಕೊಡಬಹುದೇ ಬೇಡವೇ ಎಂಬುದು ಅದರ ಮೇಲೆ ನಿಂತಿದೆ.
- ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಡಿಸ್ಚಾರ್ಜ್ ಚೀಟಿ, ಮಾತ್ರೆಯ ಪಟ್ಟಿ ಜೊತೆಗಿರಲಿ.
- ಬಾಗಿಲಲ್ಲೇ ಹೇಳಿ: "ಇವರಿಗೆ ಇಷ್ಟು ದಿನದ ಹಿಂದೆ ಹೃದಯಕ್ಕೆ ಅಬ್ಲೇಶನ್ ಆಗಿದೆ. ಈಗ ಕಣ್ಣು ಕಾಣ್ತಾ ಇಲ್ಲ."

ಮಾಡಬಾರದ್ದು

- ನಂದಿಬಟ್ಟಲ ರಸ, ಎದೆಹಾಲು, ಹರಳೆಣ್ಣೆ, ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಕಣ್ಣಿಗೆ ಹಾಕಬೇಡಿ. ತೊಂದರೆ ಇರುವುದು ರಕ್ತನಾಳದಲ್ಲಿ.
- ನಾವಾಗಿಯೇ ಆಸ್ಪಿರಿನ್ ಕೊಡಬೇಡಿ. ಮಿದುಳಿನಲ್ಲಿ ರಕ್ತ ಸೋರಿದ್ದರೆ ಅದರಿಂದ ಹಾನಿ.
- "ಮುಂದಿನ ವಾರ ಕಣ್ಣಿನ ಶಿಬಿರ ಇದೆ", "ಕನ್ನಡಕ ಬದಲಿಸಿದರೆ ಸರಿಯಾಗುತ್ತೆ" ಎಂದು ಕಾಯಬೇಡಿ. ಕಣ್ಣಿನ ಡಾಕ್ಟರು "ಕಣ್ಣು ಚೆನ್ನಾಗಿದೆ" ಎಂದರೂ ಕೆಲಸ ಮುಗಿಯಲಿಲ್ಲ. ಮಿದುಳು ನೋಡಬೇಕಾಗಿದೆ.
- ಸ್ಕೂಟರ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ.

ಇನ್ನೊಂದು ಮಾತು. ಎ.ಎಫ್. ಅಬ್ಲೇಶನ್ ಆಗಿ 1 ರಿಂದ 8 ವಾರದೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ರಕ್ತವಾಂತಿ, ಇವುಗಳ ಜೊತೆ ಕಣ್ಣು ಅಥವಾ ಕೈಕಾಲಿನ ತೊಂದರೆ ಕಂಡರೆ ಅದು ಬಹಳ ಅಪರೂಪದ, ಆದರೆ ಪ್ರಾಣಕ್ಕೇ ಕುತ್ತು ತರುವ ಸ್ಥಿತಿ ಇರಬಹುದು. ಹೃದಯಕ್ಕೂ ಅನ್ನನಾಳಕ್ಕೂ ನಡುವೆ ತೂತು ಬಿದ್ದಿರಬಹುದು. "ಗ್ಯಾಸ್ಟ್ರಿಕ್" ಎಂದು ಹೊಟ್ಟೆಯೊಳಗೆ ಕೊಳವೆ ಹಾಕಿ ನೋಡುವ ಎಂಡೋಸ್ಕೋಪಿ ಮಾಡಿಸಬೇಡಿ. ಅದರ ಗಾಳಿ ಮಿದುಳಿಗೆ ಹೋಗಬಹುದು. ಅಬ್ಲೇಶನ್ ಮಾಡಿದ ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ತುರ್ತು ವಿಭಾಗಕ್ಕೆ ಹೋಗಿ.

ಮಾತ್ರೆ ನಿಲ್ಲಿಸುವುದು ಯಾರ ಕೈಯಲ್ಲಿದೆ?

ಎ.ಎಫ್. ಅಬ್ಲೇಶನ್ ನಂತರ ರಕ್ತ ತೆಳು ಮಾಡುವ ಮಾತ್ರೆಯನ್ನು ಕನಿಷ್ಠ ಎರಡು ಮೂರು ತಿಂಗಳು ಎಲ್ಲರೂ ತೆಗೆದುಕೊಳ್ಳಬೇಕು. ಎದೆಬಡಿತ ಸರಿಯಾದರೂ ಬಿಡುವಂತಿಲ್ಲ. ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಹಿಂದೆ ಲಕ್ವ ಆಗಿದ್ದದ್ದು ಇವನ್ನೆಲ್ಲ ನೋಡಿ ಕೆಲವರಿಗೆ ಜೀವನಪೂರ್ತಿ ಬೇಕಾಗುತ್ತದೆ. ವಾರ್ಫರಿನ್ ಅಥವಾ ಅಸಿನೋಕುಮರಾಲ್ ತೆಗೆದುಕೊಳ್ಳುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನವೇ ಮಾಡಿಸಬೇಕು. ಎ.ಎಫ್. ಇರುವವರಿಗೆ ಸಾಮಾನ್ಯವಾಗಿ ಅದು 2 ರಿಂದ 3 ರ ನಡುವೆ ಇರಬೇಕು. ಇವರು ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ತುಂಬಾ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ನೋವಿನ ಮಾತ್ರೆ, ನಾಟಿ ಔಷಧಿ ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ. ಒಸಡಿನಲ್ಲಿ ಸ್ವಲ್ಪ ರಕ್ತ ಬಂದರೂ ಮಾತ್ರೆ ನಿಲ್ಲಿಸದೆ ಫೋನ್ ಮಾಡಿ ಕೇಳಿ. ರಕ್ತ ನಿಲ್ಲದೆ ಸುರಿದರೆ, ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ಆಸ್ಪತ್ರೆಗೇ ಹೋಗಿ.

ಸಂಘ ಏನು ಮಾಡಬಹುದು?

1. ಸದಸ್ಯರಲ್ಲಿ ಅಥವಾ ಅವರ ಮನೆಯಲ್ಲಿ ಯಾರಿಗಾದರೂ ಹೃದಯದ ಚಿಕಿತ್ಸೆ ಆಗಿದ್ದರೆ, ಮೂರು ತಿಂಗಳು ಪ್ರತಿ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: "ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ? ಕಣ್ಣಿಗೆ ಏನಾದರೂ ಆಯಿತಾ?"
2. ಮಾತ್ರೆ ಮುಗಿಯುವ ಒಂದು ವಾರ ಮೊದಲೇ, ಬೇಕಿದ್ದರೆ ಸಂಘದಿಂದ ತುರ್ತು ಸಾಲ ಕೊಡಿ. ನಿರ್ಣಯ ಪುಸ್ತಕದಲ್ಲಿ ಇದನ್ನು ಈಗಲೇ ಬರೆದಿಟ್ಟರೆ ಆಗ ಸಭೆ ಕರೆಯುವ ಗೋಜಿಲ್ಲ.
3. ದಿನದ 24 ಗಂಟೆಯೂ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದಿಡಿ.
4. ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್ ಒಂದೇ ಕವರಿನಲ್ಲಿ ಇಡಿ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ.

ಚರ್ಚೆಗೆ ಪ್ರಶ್ನೆಗಳು

1. ಕಥೆಯ ಅಕ್ಕ ಎಲ್ಲೆಲ್ಲಿ ಬೇರೆ ರೀತಿ ಮಾಡಬಹುದಿತ್ತು? ಮನೆಯವರು? ಸಂಘದವರು?
2. ನಿಮ್ಮ ಮನೆಯಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಲು ಎಷ್ಟು ಹೊತ್ತು ಬೇಕು? ರಾತ್ರಿಯಾದರೆ?
3. ನೀವು ಕೊನೆಯ ಸಲ "ಏನಿಲ್ಲ" ಅಂದದ್ದು ಯಾವಾಗ? ಆಗ ನಿಜವಾಗಿ ಏನಾಗಿತ್ತು?

ಸಭೆ ಮುಗಿಯುವ ಮುಂಚೆ ಪ್ರತಿಯೊಬ್ಬರೂ ಒಮ್ಮೆ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಸಂಘದ ಪುಸ್ತಕದ ಒಂದು ಸಾಲು ಓದಿ. ಒಂದು ನಿಮಿಷದ ಈ ಅಭ್ಯಾಸವನ್ನು ಮನೆಯಲ್ಲಿ ಅತ್ತೆಗೆ, ಸೊಸೆಗೆ, ಗಂಡನಿಗೆ ಕೂಡ ಕಲಿಸಿ.